ಪಾರ್ಕಿನಲ್ಲಿ, ತಾರಸಿಯಲ್ಲಿ ಒಬ್ಬರೇ ಕರಾಟೆ ಅಭ್ಯಾಸ: ನಾಲ್ಕನೇ ದಿನಕ್ಕೆ ನಿಂತುಹೋಗದಂತೆ ಮಾಡುವುದು ಹೇಗೆ

ಕರಾಟೆ ಕ್ಲಾಸು ವಾರಕ್ಕೆ ಎರಡೋ ಮೂರೋ ದಿನ. ಉಳಿದ ದಿನ ನೀವೇ ಮಾಡಿ ಎನ್ನುತ್ತಾರೆ ಮಾಸ್ಟರ್. ಮನೆಯ ಹಾಲಿನಲ್ಲಿ ಸೋಫಾ, ಟೀಪಾಯಿ, ಟಿವಿ. ಒಂದು ಕಿಕ್ ಎತ್ತಲು ಜಾಗ ಇಲ್ಲ. ಸರಿ, ಪಾರ್ಕಿಗೋ ತಾರಸಿಗೋ ಹೋಗುತ್ತೀರಿ. ಮೊದಲ ದಿನ ಹುರುಪು. ಎರಡನೇ ದಿನ ಎದುರು ಮನೆ ಬಾಲ್ಕನಿಯಲ್ಲಿ ಯಾರೋ ಕಾಫಿ ಲೋಟ ಹಿಡಿದು ನೋಡುತ್ತಾ ನಿಲ್ಲುತ್ತಾರೆ. ಮೂರನೇ ದಿನ ಇಬ್ಬರು ಹುಡುಗರು ‘ಹೂ, ಹಾ’ ಅಂತ ಅಣಕಿಸಿಕೊಂಡು ಹೋಗುತ್ತಾರೆ. ನಾಲ್ಕನೇ ದಿನ ಅಲಾರಂ ಹೊಡೆದರೂ ಏಳಲು ಮನಸ್ಸು ಬರುವುದಿಲ್ಲ.

ಕಿರಿಯ ಬೆಲ್ಟಿನವರಿಗೆ ಹೇಳಿಕೊಡಲು ನಿಂತಾಗಿನಿಂದ ಇದೇ ಮಾತನ್ನು ಕೇಳುತ್ತಾ ಬಂದಿದ್ದೇನೆ. ನನ್ನದು ನಾಚಿಕೆ ಸ್ವಭಾವ, ನನ್ನಿಂದ ಆಗಲ್ಲ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಪ್ಪಿರುವುದು ಕ್ರಮದಲ್ಲಿ. ಬಿಳಿ ಡ್ರೆಸ್, ಎತ್ತರದ ಕಿಕ್, ಜೋರು ಕೂಗು. ಈ ಮೂರೂ ಎಲ್ಲರ ಕಣ್ಣು ಸೆಳೆಯುತ್ತವೆ. ಈ ಮೂರನ್ನೂ ಮೊದಲ ದಿನವೇ ಹೊರತೆಗೆದರೆ ಯಾರಿಗಾದರೂ ಕಷ್ಟವೇ. ಆ ಜಾಗಕ್ಕೆ ಮೊದಲು ನೀವು ಪರಿಚಯ ಆಗಬೇಕು. ನಿಮ್ಮ ಕರಾಟೆ ಆಮೇಲೆ. ಕೆಳಗಿನ ಹಂತಗಳು ಇದೇ ಲೆಕ್ಕದಲ್ಲಿವೆ. ದಯವಿಟ್ಟು ಹಿಂದುಮುಂದು ಮಾಡಬೇಡಿ.

ಉದಾಹರಣೆಗಳು ಶೋಟೋಕಾನ್ ಶೈಲಿಯವು, ನಾನು ಕಲಿತದ್ದು ಅದು. ಬೇರೆ ಶೈಲಿಯವರೂ ಟೇಕ್ವಾಂಡೋದವರೂ ತಮ್ಮದಕ್ಕೆ ಹೊಂದಿಸಿಕೊಳ್ಳಬಹುದು.

1. ಜಾಗ ಆರಿಸುವುದು

ಹೊಸ ಜಾಗಕ್ಕೆ ಮೂರು ದಿನ ಸುಮ್ನೆ ಹೋಗಿ ಬನ್ನಿ. ನೀವು ಅಭ್ಯಾಸ ಮಾಡಬೇಕೆಂದಿರುವ ಹೊತ್ತಿಗೇ ಹೋಗಿ. ಬೆಳಿಗ್ಗೆ ಆರಕ್ಕೆ ಖಾಲಿ ಇರುವ ಮೂಲೆಯಲ್ಲಿ ಆರೂವರೆಗೆ ಯೋಗದ ಗುಂಪು ಕೂರಬಹುದು. ಸಂಜೆ ಐದಕ್ಕೆ ಅಲ್ಲೇ ಮಕ್ಕಳ ಕ್ರಿಕೆಟ್ ಇರಬಹುದು. ಗೇಟಿನ ಬೋರ್ಡಿನಲ್ಲಿ ಬರೆದ ಸಮಯ, ನಿಯಮ ಓದಿಕೊಳ್ಳಿ. ಆಟ, ವ್ಯಾಯಾಮಕ್ಕೆ ಅವಕಾಶ ಇಲ್ಲ ಎಂದಿದ್ದರೆ ವಾದ ಬೇಡ, ಬೇರೆ ಕಡೆ ನೋಡಿ.

ಎಷ್ಟು ಜಾಗ ಬೇಕು? ಹೆಯಾನ್ ಶೋಡಾನ್ ಎಂಬ ಕಟಾ (ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ) ತೆಗೆದುಕೊಳ್ಳಿ. ಅದರಲ್ಲಿ 21 ಚಲನೆ. ಮಧ್ಯದಿಂದ ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ, ಮುಂದಕ್ಕೆ ನಾಲ್ಕು ಹೆಜ್ಜೆ ಹೋಗುತ್ತೀರಿ. ದೊಡ್ಡವರಿಗೆ ಸುಮಾರು ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಬೇಕು. ಸುತ್ತ ಇನ್ನೊಂದು ಮೀಟರ್ ಖಾಲಿ ಇದ್ದರೆ ನೆಮ್ಮದಿ.

ತಾರಸಿಯಲ್ಲಿ ಅಷ್ಟು ಸಿಗುವುದು ಕಷ್ಟ. ನೀರಿನ ಟ್ಯಾಂಕ್, ಸೋಲಾರ್, ಬಟ್ಟೆ ಒಣಗಿಸುವ ತಂತಿ, ಡಿಶ್ ಎಲ್ಲ ಇರುತ್ತವೆ. ಟೆಕ್ಕಿ ಶೋಡಾನ್ ಎಂಬ ಕಟಾ ಬರುವವರಿಗೆ ಇಲ್ಲಿ ಅದು ವರ. ಇಡೀ ಕಟಾ ಒಂದೇ ಗೆರೆಯ ಮೇಲೆ, ಕಿಬಾ ದಾಚಿಯಲ್ಲಿ (ಕುದುರೆ ಮೇಲೆ ಕೂತಂತೆ ಕಾಲು ಅಗಲಿಸಿ, ಮಂಡಿ ಮಡಚಿ ನಿಲ್ಲುವ ನಿಲುವು), ಅಕ್ಕಪಕ್ಕಕ್ಕೆ ಮಾತ್ರ ಚಲಿಸುತ್ತದೆ. ಟ್ಯಾಂಕಿಗೂ ಗೋಡೆಗೂ ನಡುವಿನ ಓಣಿಯಂಥ ಜಾಗ ಸಾಕು. ಇನ್ನೂ ಅದನ್ನು ಕಲಿಯದವರು ಹೆಯಾನ್ ಕಟಾವನ್ನು ತುಂಡು ಮಾಡಿ, ನಾಲ್ಕೈದು ಚಲನೆಯಂತೆ ಅಭ್ಯಾಸ ಮಾಡಿ. ಜಾಗಕ್ಕೆ ತಕ್ಕಂತೆ ಹೆಜ್ಜೆಯನ್ನೇ ಚಿಕ್ಕದು ಮಾಡಿಕೊಳ್ಳಬೇಡಿ. ಎರಡು ತಿಂಗಳಲ್ಲಿ ಅದು ಅಭ್ಯಾಸವಾಗಿ, ಕ್ಲಾಸಿನಲ್ಲೂ ನಿಲುವು ಗಿಡ್ಡವಾಗುತ್ತದೆ.

ವಾಕಿಂಗ್ ಹಾದಿಯ ಮೇಲೆ ಯಾವತ್ತೂ ನಿಲ್ಲಬೇಡಿ. ಮೈಸೂರಿನ ಕುಕ್ಕರಹಳ್ಳಿ ಕೆರೆಯಂಥ ಕಡೆ ಹಾದಿ ಇರುವುದೇ ನಡೆಯುವವರಿಗಾಗಿ. ಅಲ್ಲಿ ಕೈಕಾಲು ಬೀಸಿದರೆ ಜನ ಸುತ್ತಿ ಹೋಗಬೇಕಾಗುತ್ತದೆ. ಅವರು ಮುಖ ಗಂಟಿಕ್ಕಿದರೆ ತಪ್ಪು ಅವರದ್ದಲ್ಲ, ಅಲ್ವಾ?

ಮರದ ಕೆಳಗೆ ನಿಲ್ಲುವ ಮುಂಚೆ ತಲೆ ಎತ್ತಿ ನೋಡಿ. ಹೆಜ್ಜೇನಿನ ತಟ್ಟಿ ಇದ್ದರೆ ದೂರ ಹೋಗಿ. ಪಕ್ಕದಲ್ಲಿ ಕಾಂಗ್ರೆಸ್ ಗಿಡ ಬೆಳೆದಿದ್ದರೂ ಬೇಡ. ಅಲರ್ಜಿ ಇರುವವರಿಗೆ ಅಲ್ಲಿ ಏದುಸಿರು ಬಿಟ್ಟರೆ ಸೀನು, ತುರಿಕೆ, ಉಬ್ಬಸ ಶುರುವಾಗುತ್ತದೆ.

2. ಯಾವ ಕಡೆ ಮುಖ ಮಾಡಿ ನಿಲ್ಲಬೇಕು

ಸುಮಾರು ಎಲ್ಲ ಹೊಸಬರೂ ಇಲ್ಲಿ ತಪ್ಪುತ್ತಾರೆ. ನಾಚಿಕೆಯಿಂದ ಹಾದಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಜನ ಕಾಣದಿದ್ದರೆ ಧೈರ್ಯ ಬರುತ್ತದೆ ಎಂಬ ಲೆಕ್ಕ. ಆಗುವುದು ಉಲ್ಟಾ. ಬೆನ್ನ ಹಿಂದೆ ಯಾರೋ ನಕ್ಕರೆ ನನ್ನನ್ನೇ ನೋಡಿ ನಕ್ಕರು ಅನ್ನಿಸುತ್ತದೆ. ಅವರು ಫೋನಿನಲ್ಲಿ ಏನೋ ಕೇಳಿ ನಕ್ಕಿರುತ್ತಾರೆ.

ಅದಕ್ಕಿಂತ ದೊಡ್ಡದು ಅಪಾಯದ ಮಾತು. ಓಡಿ ಬರುವ ಮಗು, ಸೈಕಲ್, ನಾಯಿ ನಿಮಗೆ ಕಾಣುವುದಿಲ್ಲ. ನೀವು ತಿರುಗಿದ ಕ್ಷಣ ಅವರು ಎದುರಿಗಿರುತ್ತಾರೆ. ಹಾಗಾಗಿ ಗೋಡೆಯೋ ದಪ್ಪ ಮರವೋ ಬೆನ್ನಿಗಿರಲಿ. ಹಾದಿ ಎದುರಿಗೆ, ಕನಿಷ್ಠ ಐದಾರು ಮೀಟರ್ ದೂರದಲ್ಲಿರಲಿ. ಕಿಕ್ ಮಾತ್ರ ಬಿಡಿಯಾಗಿ ಅಭ್ಯಾಸ ಮಾಡುವಾಗ ಪಕ್ಕಕ್ಕೆ ತಿರುಗಿ, ಹಾದಿಯ ದಿಕ್ಕಿಗೆ ಕಾಲು ಬೀಸಬೇಡಿ. ಬೆಳಗಿನ ಸೂರ್ಯ ಕಣ್ಣಿಗೆ ಹೊಡೆಯದಂತೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಲು ಆದರೆ ಒಳ್ಳೆಯದು.

3. ಹೇಳಬೇಕಾದವರಿಗೆ ಮೊದಲೇ ಹೇಳುವುದು

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಎರಡು ನಿಮಿಷದ ಕೆಲಸ, ಎಷ್ಟೋ ತಿಂಗಳು ಕಾಪಾಡುತ್ತದೆ.

ತಾರಸಿಯಾದರೆ ಕೆಳಗಿನ ಮನೆಯವರಿಗೆ ಹೇಳಿ. “ಆಂಟಿ, ನಾಳೆಯಿಂದ ಬೆಳಿಗ್ಗೆ ಆರೂವರೆಗೆ ಮೇಲೆ ಕರಾಟೆ ಪ್ರಾಕ್ಟೀಸ್ ಮಾಡ್ತೀನಿ. ಸದ್ದು ಕೇಳಿಸಿದ್ರೆ ಹೇಳಿ, ಟೈಮ್ ಬದಲಾಯಿಸ್ತೀನಿ.” ಇಷ್ಟೇ ಸಾಕು. ನಾನೊಮ್ಮೆ ಹೇಳದೆ ಶುರು ಮಾಡಿದ್ದೆ. ಕೆಳಗೆ ರಾತ್ರಿ ಪಾಳಿ ಮುಗಿಸಿ ಬಂದು ಮಲಗುವವರಿದ್ದರು. ನನ್ನ ಪ್ರತಿ ಹೆಜ್ಜೆಯೂ ಅವರ ತಲೆಯ ಮೇಲೇ ಬೀಳುತ್ತಿತ್ತು. ಹತ್ತು ದಿನ ಸಹಿಸಿ, ಆಮೇಲೆ ಓನರಿಗೆ ದೂರು ಕೊಟ್ಟರು. ತಾರಸಿಯ ಬಾಗಿಲಿಗೆ ಬೀಗ ಬಿತ್ತು. ಮೊದಲೇ ಕೇಳಿದ್ದರೆ ಸಂಜೆಗೆ ಬದಲಾಯಿಸಿಕೊಳ್ಳಬಹುದಿತ್ತು.

ಪಾರ್ಕಿನಲ್ಲಿ ಗಾರ್ಡಿಗೆ, ಮಾಲಿಗೆ, ಗುಡಿಸುವ ಅಕ್ಕನಿಗೆ ಹೇಳಿ. ದಿನಾ ಅಲ್ಲಿರುವವರು ಅವರೇ. ಯಾರಾದರೂ ಬಂದು “ಅಲ್ಲೇನೋ ಹೊಡೆದಾಟ ನಡೀತಿದೆ” ಅಂದರೆ, “ಇಲ್ಲ ಸಾರ್, ಅವರು ದಿನಾ ಬರ್ತಾರೆ, ಕರಾಟೆಯವರು” ಎಂದು ಹೇಳುವವರೂ ಅವರೇ.

4. ನೆಲ ಮತ್ತು ಸಾಮಾನು

ಶುರು ಮಾಡುವ ಮುಂಚೆ ಅಷ್ಟೂ ಜಾಗವನ್ನು ಚಪ್ಪಲಿ ಹಾಕಿಕೊಂಡೇ ನಡೆದು ನೋಡಿ. ಹುಲ್ಲಿನೊಳಗೆ ಗಾಜಿನ ಚೂರು, ಮೊಳೆ, ನೆಗ್ಗಿಲ ಮುಳ್ಳು, ನೀರು ಬಿಡುವ ಪೈಪಿನ ಮೂತಿ, ಸಣ್ಣ ಗುಂಡಿ ಇರುತ್ತವೆ. ಕ್ಲಾಸಿನಲ್ಲಿ ಬರಿಗಾಲು ಸರಿ, ಪಾರ್ಕಿನಲ್ಲಿ ನಾನು ಒಪ್ಪುವುದಿಲ್ಲ. ನಾಯಿಗಳು ಹೊಲಸು ಮಾಡುವ ಒದ್ದೆ ಮಣ್ಣಿನಲ್ಲಿ ಬರಿಗಾಲಿಟ್ಟರೆ ಕೊಕ್ಕೆಹುಳುವಿನ ಮರಿ ಚರ್ಮದ ಮೂಲಕವೇ ಒಳಗೆ ಹೋಗಬಹುದು. ತುಕ್ಕು ಮೊಳೆ ಚುಚ್ಚಿದರೆ ಗಾಯ ತೊಳೆದು ಸುಮ್ಮನಾಗಬೇಡಿ, ಡಾಕ್ಟರ ಹತ್ತಿರ ಹೋಗಿ ಟಿಟಿ ಇಂಜೆಕ್ಷನ್ ಬೇಕೇ ಎಂದು ಕೇಳಿ.

ಶೂ ಯಾವುದು? ಓಡುವ ಶೂ ಬೇಡ. ಅದರ ಹಿಮ್ಮಡಿ ದಪ್ಪ, ಅಡಿ ನೆಲವನ್ನು ಕಚ್ಚಿ ಹಿಡಿಯುತ್ತದೆ. ಚಪ್ಪಟೆಯಾದ, ತೆಳು ಅಡಿಯ ಕ್ಯಾನ್ವಾಸ್ ಶೂ ಸಾಕು.

ಬೇಕಾದ ಸಾಮಾನು ಇಷ್ಟು: ನೀರಿನ ಬಾಟಲಿ, ಟವೆಲ್ಲು, ಬ್ಯಾಂಡೇಜು, ಫೋನು, ಗಡಿ ಗುರುತಿಗೆ ನಾಲ್ಕು ಕಲ್ಲು. ತಾರಸಿಗಾದರೆ ಪೊರಕೆ ಮತ್ತು ಸೀಮೆಸುಣ್ಣ. ಸಣ್ಣ ಜಲ್ಲಿಯ ಮೇಲೆ ಕಾಲು ಜಾರಿದರೆ ಪ್ಯಾರಪೆಟ್ ಎಷ್ಟು ಎತ್ತರ ಇದ್ದರೂ ಭಯವೇ. ಪ್ಯಾರಪೆಟ್ಟಿನಿಂದ ಒಂದೂವರೆ ಮೀಟರ್ ಒಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅದರಾಚೆ ಹೋಗಬೇಡಿ. ಪ್ಯಾರಪೆಟ್ ಮೊಣಕಾಲಿನಷ್ಟೇ ಇದ್ದರೆ ಆ ತಾರಸಿ ಬೇಡವೇ ಬೇಡ. ಸಂಪಿನ ಮುಚ್ಚಳದ ಮೇಲೂ ನಿಲ್ಲಬೇಡಿ.

ಬಟ್ಟೆ ಟ್ರ್ಯಾಕ್ ಪ್ಯಾಂಟು, ಟೀ ಶರ್ಟು. ಬಿಳಿ ಡ್ರೆಸ್ಸು, ಬೆಲ್ಟು ಕ್ಲಾಸಿಗಿರಲಿ.

5. ಮೊದಲ ವಾರ: ಪಂಚ್ ಇಲ್ಲ, ಕಿಕ್ ಇಲ್ಲ

ಒಂದೇ ಜಾಗ, ಒಂದೇ ಹೊತ್ತು. ಇಪ್ಪತ್ತು ನಿಮಿಷ ಸಾಕು.

ಐದು ನಿಮಿಷ ನಡಿಗೆ. ಐದು ನಿಮಿಷ ಕುತ್ತಿಗೆ, ಭುಜ, ಸೊಂಟ, ಮಂಡಿ, ಪಾದದ ಗಂಟು ಬಿಡಿಸುವುದು. ಐದು ನಿಮಿಷ ಕಿಬಾ ದಾಚಿಯಲ್ಲಿ ನಿಲ್ಲುವುದು: ಮೂವತ್ತು ಸೆಕೆಂಡು ನಿಂತು, ಎದ್ದು, ಮತ್ತೆ ನಿಲ್ಲಿ. ಉಳಿದ ಐದು ನಿಮಿಷ ಕೈ ಸೊಂಟದ ಮೇಲಿಟ್ಟು, ಮುಂಗಾಲು ಮಡಚಿ ಹಿಂಗಾಲು ನೇರ ಚಾಚುವ ಜೆನ್‌ಕುತ್ಸು ದಾಚಿಯಲ್ಲಿ ಮುಂದೆ ಹಿಂದೆ ನಿಧಾನ ಹೆಜ್ಜೆ.

ನೋಡುವವರಿಗೆ ಇದು ಬರೀ ವ್ಯಾಯಾಮ. ಯಾರೂ ನಿಂತು ನೋಡುವುದಿಲ್ಲ. ಆದರೆ ಇವರು ಇಲ್ಲಿಗೆ ದಿನಾ ಬರುತ್ತಾರೆ ಎಂಬುದು ಅವರ ಕಣ್ಣಿಗೆ ಕೂತುಬಿಡುತ್ತದೆ. ನಿಮ್ಮ ತೊಡೆಗೂ ಇದೇ ಬೇಕಾಗಿರುವುದು. ಹೆಚ್ಚಿನವರು ನಿಲುವಿಗೆ ಕೊಡಬೇಕಾದ ಹೊತ್ತನ್ನು ಕಿಕ್ಕಿಗೆ ಕೊಟ್ಟಿರುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಮೂರನೇ ದಿನಕ್ಕೆ “ಇಷ್ಟೇನಾ?” ಅನ್ನಿಸುತ್ತದೆ. ಆಗ ಒಂದು ಕಟಾ ಮಾಡಿಬಿಡೋಣ ಅನ್ನುವ ಆಸೆ ಬರುತ್ತದೆ. ತಡೆದುಕೊಳ್ಳಿ.

6. ಎರಡನೇ ವಾರ: ಕೈ ಸೇರಿಸುವುದು, ನಿಧಾನವಾಗಿ

ಈಗ ಬ್ಲಾಕು, ಪಂಚು. ತೈ ಚಿ ಮಾಡುವವರಷ್ಟು ನಿಧಾನ. ಕೆಳಗೆ ಬರುವ ಹೊಡೆತ ತಡೆಯುವ ಒಂದು ಗೆದಾನ್ ಬರಾಯ್‌ಗೆ ಒಂದು ಪೂರ್ತಿ ಉಸಿರು. ನಿಧಾನವಾಗಿ ಮಾಡಿದಾಗ ತಪ್ಪು ನಿಮಗೇ ಕಾಣುತ್ತದೆ. ಹಿಂದಕ್ಕೆ ಎಳೆಯುವ ಕೈ ಸೊಂಟಕ್ಕೆ ಬರದೆ ಎದೆಯ ಹತ್ತಿರವೇ ನಿಂತಿದೆಯೇ? ಭುಜ ಮೇಲೆದ್ದಿದೆಯೇ? ವೇಗದಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ.

ಈ ವಾರ ಜನ ನೋಡಲು ಶುರು ಮಾಡುತ್ತಾರೆ. ನೋಡಲಿ. ಯಾರಾದರೂ ನಿಂತು ನೋಡಿದರೆ ಅರ್ಧಕ್ಕೆ ನಿಲ್ಲಿಸಬೇಡಿ, ಅವರತ್ತ ದಿಟ್ಟಿಸಲೂ ಬೇಡಿ. ಹಿಡಿದ ಚಲನೆ ಮುಗಿಸಿ, ಕೈ ಇಳಿಸಿ, ಒಂದು ಸಣ್ಣ ನಗು. ಮುಷ್ಟಿ ಬಿಗಿಹಿಡಿದೇ ಅವರ ಕಡೆ ತಿರುಗಿದರೆ ಮಾತ್ರ ಅವರು ಬೆದರುತ್ತಾರೆ.

7. ಮೂರನೇ ವಾರದಿಂದ: ಪೂರ್ತಿ ಕಟಾ, ಮತ್ತು ಮಂಡಿಯ ವಿಷಯ

ಇದನ್ನು ಎರಡು ಸಲ ಓದಿ. ಹೊರಗೆ ಅಭ್ಯಾಸ ಮಾಡುವವರಲ್ಲಿ ನಾನು ಜಾಸ್ತಿ ನೋಡಿದ್ದು ಮಂಡಿಯ ನೋವು, ಕಾರಣ ತಿರುಗುವಿಕೆ.

ಕ್ಲಾಸಿನ ಮರದ ನೆಲದಲ್ಲಿ, ನುಣುಪು ಟೈಲ್ಸಿನಲ್ಲಿ ಬರಿಗಾಲು ಜಾರಿ ತಿರುಗುತ್ತದೆ. ಹುಲ್ಲಿನಲ್ಲಿ, ಒರಟು ಕಾಂಕ್ರೀಟಿನಲ್ಲಿ, ಶೂ ಹಾಕಿದಾಗ ಪಾದ ಅಲ್ಲೇ ಕಚ್ಚಿಕೊಳ್ಳುತ್ತದೆ. ಸೊಂಟ ತಿರುಗಿತು, ಪಾದ ತಿರುಗಲಿಲ್ಲ ಅಂದರೆ ನಡುವೆ ಸಿಕ್ಕಿಹಾಕಿಕೊಳ್ಳುವುದು ಮಂಡಿ.

ಹೆಯಾನ್ ಶೋಡಾನ್‌ನಲ್ಲಿ ಎರಡು ಕಡೆ 270 ಡಿಗ್ರಿ ತಿರುಗಬೇಕು. ಒಂದು 9ನೇ ಚಲನೆಯಾದ ಮೇಲೆ, ಇನ್ನೊಂದು 17ನೆಯದಾದ ಮೇಲೆ. ಗಮನಿಸಿದ್ದೀರಾ? ಕಿಯಾಯ್ (ಹೊಡೆತದ ಜೊತೆಗಿನ ಜೋರು ಕೂಗು) ಕೂಗುವುದೂ 9 ಮತ್ತು 17ರಲ್ಲೇ. ಮೈಯೆಲ್ಲ ಬಿಗಿದು, ಇಡೀ ಭಾರ ಮುಂಗಾಲಿಗೆ ಹಾಕಿ ಕೂಗುತ್ತೀರಿ, ಆ ಬಿಗಿಯಲ್ಲೇ ಅದೇ ಕಾಲಿನ ಮೇಲೆ ಗಿರ್ರನೆ ತಿರುಗುತ್ತೀರಿ. ಹುಲ್ಲಿನಲ್ಲಿ ಇದು ಮಂಡಿಗೆ ಕೆಟ್ಟದ್ದು.

ಹೀಗೆ ಮಾಡಿ. ಚಲನೆ ಮುಗಿಸಿ ಒಂದು ಉಸಿರು ನಿಲ್ಲಿ. ಮೈ ಸಡಿಲ ಬಿಡಿ. ನಿಂತ ಕಾಲಿನ ಹಿಮ್ಮಡಿಯನ್ನು ಕೂದಲೆಳೆಯಷ್ಟು ಎತ್ತಿ, ಪಾದವನ್ನು ಮೊದಲು ತಿರುಗಿಸಿ, ಆಮೇಲೆ ಸೊಂಟ. ಒಂದೇ ಸಲಕ್ಕೆ ಆಗದಿದ್ದರೆ ಎರಡು ಸಣ್ಣ ಹೆಜ್ಜೆಯಲ್ಲಿ ತಿರುಗಿ. ಕಟಾದ ಅಂದ ಸ್ವಲ್ಪ ಕೆಡುತ್ತದೆ, ಕೆಡಲಿ. ಚಂದದ ತಿರುಗುವಿಕೆ ಕ್ಲಾಸಿನ ನೆಲಕ್ಕೆ ಇರಲಿ.

ಕಿಕ್ಕನ್ನು ನಾಲ್ಕನೇ ವಾರಕ್ಕೆ ಸೇರಿಸಿ. ಮೊದಲು ಸೊಂಟದ ಎತ್ತರದ ಫ್ರಂಟ್ ಕಿಕ್. ಪಕ್ಕದಿಂದ ಸುತ್ತಿ ಹೊಡೆಯುವ ಮವಾಶಿ ಗೇರಿ ಕಿಕ್ಕಿನಲ್ಲೂ ನಿಂತ ಪಾದ ತಿರುಗಲೇಬೇಕು, ಮೇಲೆ ಹೇಳಿದ ಕಾರಣಕ್ಕೆ ಅದನ್ನು ಒದ್ದೆ ಹುಲ್ಲಿನಲ್ಲೂ ದಪ್ಪ ಹುಲ್ಲಿನಲ್ಲೂ ಮಾಡಬೇಡಿ. ಕಾಂಕ್ರೀಟಿನ ಮೇಲೆ ಹಾರುವ ಕಿಕ್ ಬೇಡವೇ ಬೇಡ.

ಮಂಗಳೂರು, ಉಡುಪಿ ಕಡೆಯವರು ಕಡಲ ದಡದಲ್ಲಿ ಮಾಡುತ್ತಾರೆ. ಒಣ ಮರಳು ನಿಲುವಿಗೆ ಒಳ್ಳೆಯ ಕಸರತ್ತು. ಆದರೆ ದಡ ಕಡಲಿನ ಕಡೆಗೆ ಇಳಿಜಾರು, ಒಂದು ಕಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ. ನಡುನಡುವೆ ದಿಕ್ಕು ಬದಲಿಸಿ.

8. ಕಿಯಾಯ್: ಕೂಗಬೇಕೇ?

ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ‘ರಾತ್ರಿ’ ಎಂದೇ ಲೆಕ್ಕ. ವಸತಿ ಪ್ರದೇಶಕ್ಕೆ ಆ ಹೊತ್ತಿನ ಮಿತಿ 45 ಡೆಸಿಬಲ್, ಹಗಲಿನದು 55. ಬೆಳಿಗ್ಗೆ ಐದೂವರೆಗೆ ನೀವು ಕೂಗಿದರೆ ಎದುರು ಮನೆಯವರು ಸಿಟ್ಟಾಗುವುದು ನ್ಯಾಯವೇ.

ಮನೆಗಳ ನಡುವೆ ಧ್ವನಿ ಇಲ್ಲದ ಕಿಯಾಯ್ ಅಭ್ಯಾಸ ಮಾಡಿ. ಹೊಟ್ಟೆ ಗಟ್ಟಿ ಮಾಡಿ, ಹಲ್ಲಿನ ನಡುವೆ ‘ಸ್’ ಎಂದು ಉಸಿರು ಜೋರಾಗಿ ಬಿಡಿ. ಹೊಟ್ಟೆಯ ಕೆಲಸ ಪೂರ್ತಿ ಆಗುತ್ತದೆ. ಉಸಿರು ಹಿಡಿದುಕೊಳ್ಳಬೇಡಿ, ತಲೆ ಸುತ್ತುತ್ತದೆ. ದೊಡ್ಡ ಮೈದಾನದಲ್ಲಿ, ಹತ್ತಿರ ಯಾರೂ ಇಲ್ಲದಾಗ ಕೂಗಿ. ಮುಂಚೆ ಒಮ್ಮೆ ಸುತ್ತ ನೋಡಿ. ವಯಸ್ಸಾದವರು ಪಕ್ಕದಲ್ಲಿ ಹೋಗುತ್ತಿರುವಾಗ ಒಮ್ಮೆಲೇ ಕೂಗಿದರೆ ಅವರು ಬೆಚ್ಚಿ ಬೀಳಬಹುದು.

9. ಜನ ಬಂದಾಗ ಏನು ಹೇಳಬೇಕು, ಏನು ಮಾಡಬೇಕು

ಹಿರಿಯರು ಕೇಳುತ್ತಾರೆ, “ಏನಮ್ಮಾ, ಯಾರ ಜೊತೆ ಜಗಳ?” ಅದರಲ್ಲಿ ಕುಹಕ ಇರುವುದು ಕಡಿಮೆ. “ಜಗಳ ಅಲ್ಲ ಅಂಕಲ್, ಕರಾಟೆ. ಕ್ಲಾಸಲ್ಲಿ ಹೇಳಿಕೊಟ್ಟಿದ್ದು ಮರೀಬಾರ್ದು ಅಂತ ಮಾಡ್ತಿದ್ದೀನಿ” ಅನ್ನಿ. ಒಂದು ವಾರ ಬಿಟ್ಟು ಅವರೇ “ನಿನ್ನೆ ಯಾಕೆ ಬರಲಿಲ್ಲ?” ಎಂದು ಕೇಳುತ್ತಾರೆ. ನನಗೆ ಹಾಗೆ ಕೇಳಿದವರೊಬ್ಬರಿದ್ದರು. ಅವರ ಆ ಮಾತಿಗಾಗಿಯೇ ಎಷ್ಟೋ ಚಳಿಯ ಬೆಳಗಿನಲ್ಲಿ ಎದ್ದು ಹೋಗಿದ್ದೇನೆ.

ಮಕ್ಕಳು ಬಂದು ಪಕ್ಕದಲ್ಲೇ ನಿಂತು ಅನುಕರಿಸುತ್ತಾರೆ. ತಕ್ಷಣ ನಿಲ್ಲಿಸಿ. ಮಗು ನಿಮ್ಮ ಕೈಯಳತೆಯೊಳಗೆ ಇರುವಾಗ ಒಂದು ಪಂಚನ್ನೂ ಹಾಕಬೇಡಿ. “ಆ ಮರದ ಹತ್ತಿರ ನಿಂತು ನೋಡು ಪುಟ್ಟಾ” ಅಂದರೆ ಕೇಳುತ್ತವೆ. ತಂದೆ ತಾಯಿಯನ್ನು ಕೇಳದೆ ಹೊಡೆತ ಹೇಳಿಕೊಡಬೇಡಿ.

“ಎಲ್ಲಿ, ನನಗೊಂದು ಹೊಡೀರಿ ನೋಡೋಣ” ಅನ್ನುವ ಹುಡುಗರು ಸಿಗುತ್ತಾರೆ. ಒಂದೇ ಉತ್ತರ: “ಇಲ್ಲಪ್ಪ, ಅದು ಕ್ಲಾಸಲ್ಲಿ ಮಾತ್ರ.” ತಮಾಷೆಗೂ ಮುಟ್ಟಬೇಡಿ. ಅವರು ಹಾಗೇ ಮುಂದುವರಿಸಿದರೆ ಬ್ಯಾಗು ಎತ್ತಿಕೊಂಡು ಜನ ಇರುವ ಕಡೆ ನಡೆಯಿರಿ. ವಿಡಿಯೋ ಮಾಡುವವರಿಗೆ “ದಯವಿಟ್ಟು ಬೇಡ, ನನಗೆ ಇಷ್ಟ ಇಲ್ಲ” ಎಂದು ನೇರವಾಗಿ ಹೇಳಿ. ಅವರ ಫೋನಿಗೆ ಕೈ ಹಾಕಬೇಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಯಾರೂ ಇಲ್ಲದ ಹೊತ್ತು ನೋಡಿ ಹೋಗಬೇಡಿ. ನಾಚಿಕೆಗೆ ಅದು ಹಿತ, ಸುರಕ್ಷೆಗೆ ಅಲ್ಲ. ವಾಕಿಂಗಿನ ಆಂಟಿಯರ ಗುಂಪು ಕಣ್ಣಳತೆಯಲ್ಲಿರುವ ಹೊತ್ತೇ ಒಳ್ಳೆಯದು. ಒಬ್ಬನೇ ವ್ಯಕ್ತಿ ದಿನಾ ಬಂದು ನಿಂತು ನೋಡುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾರ್ಡಿಗೆ, ಮನೆಯವರಿಗೆ ಹೇಳಿ, ಹೊತ್ತು ಬದಲಿಸಿ. ಹಿಂದೆಯೇ ಬಂದರೆ 112ಕ್ಕೆ ಕರೆ ಮಾಡಿ.

ಬೀದಿನಾಯಿಗಳೂ ನೋಡುಗರೇ. ಒಮ್ಮೆಲೇ ನುಗ್ಗುವುದು, ಕೂಗುವುದು ಅವಕ್ಕೆ ಬೆದರಿಕೆ. ನಾಯಿ ಬೊಗಳಲು ಶುರು ಮಾಡಿದರೆ ಕೈ ಇಳಿಸಿ, ಸುಮ್ನೆ ನಿಲ್ಲಿ. ಓಡಬೇಡಿ, ಒದೆಯಲು ಕಾಲೆತ್ತಬೇಡಿ. ಅದು ಸುಮ್ಮನಾದ ಮೇಲೆ ನಿಧಾನ ದೂರ ಸರಿಯಿರಿ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆಗೆ ಹೋಗಿ.

10. ಜೊತೆಗಾರ, ಕೋಲು, ನಂಚಾಕು

ಇಬ್ಬರು ಎದುರುಬದುರು ನಿಂತು ಸ್ಪಾರಿಂಗ್ ಮಾಡಿದರೆ ದೂರದಿಂದ ಅದು ಹೊಡೆದಾಟವೇ. ಯಾರಾದರೂ ಬಿಡಿಸಲು ಓಡಿ ಬರಬಹುದು, ಬಂದವರಿಗೇ ಪೆಟ್ಟಾಗಬಹುದು. ಹೊರಗೆ ಇಬ್ಬರಿದ್ದರೆ ಪಕ್ಕಪಕ್ಕ ನಿಂತು ಒಂದೇ ಕಟಾ ಮಾಡಿ.

ಆರಡಿ ಬೋ ಕೋಲಿಗೆ ನಿಮ್ಮ ಸುತ್ತ ಮೂರು ಮೀಟರಾದರೂ ಖಾಲಿ ಬೇಕು. ತಾರಸಿಯ ಪಕ್ಕ ಕರೆಂಟ್ ತಂತಿ ಹೋಗಿದ್ದರೆ ಅಲ್ಲಿ ಕೋಲು ಎತ್ತಲೇಬೇಡಿ. ನಂಚಾಕು (ಸರಪಳಿಯಿಂದ ಜೋಡಿಸಿದ ಎರಡು ಗಿಡ್ಡ ಕೋಲು), ಕತ್ತಿ, ಚಾಕು ಸಾರ್ವಜನಿಕ ಜಾಗಕ್ಕೆ ಒಯ್ಯಬೇಡಿ. ಹರಿತವಾದ ಆಯುಧಗಳಿಗೆ 1959ರ ಆಯುಧ ಕಾಯ್ದೆ ಇದೆ. ಅಭ್ಯಾಸಕ್ಕೆ ತಂದೆ ಎಂದು ಪೊಲೀಸರಿಗೆ ವಿವರಿಸುತ್ತಾ ನಿಲ್ಲುವ ಪರಿಸ್ಥಿತಿ ಯಾಕೆ ಬೇಕು?

11. ನಿಲ್ಲಿಸಿ ಎಂದು ಹೇಳುವ ಲಕ್ಷಣಗಳು

ಮಂಡಿಯ ಒಳಬದಿಯಲ್ಲಿ ಚುಚ್ಚಿದಂಥ ನೋವು ಬಂದರೆ ಆ ದಿನದ ತಿರುಗುವಿಕೆ ಅಲ್ಲಿಗೇ ಮುಗಿಯಿತು. ಊದಿಕೊಂಡರೆ, ಮಡಚಲು ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ನೋವು ಅಂದರೆ ಗಟ್ಟಿ ನೆಲ ಜಾಸ್ತಿ ಆಗಿದೆ, ಹುಲ್ಲಿಗೆ ಬದಲಿಸಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಎಂಟು ಗಂಟೆಗೆಲ್ಲ ಮುಗಿಸಿಬಿಡಿ. ತಲೆ ಸುತ್ತು, ವಾಕರಿಕೆ ಬಂದರೆ ನೆರಳಿಗೆ ಹೋಗಿ ನೀರು ಕುಡಿಯಿರಿ. ಬೆವರು ನಿಂತು ಮೈ ಕಾದರೆ, ಮಾತು ತೊದಲಿದರೆ ಕಾಯಬೇಡಿ, ಮೈಮೇಲೆ ನೀರು ಹಾಕುತ್ತಾ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ.

ಇನ್ನೊಂದು ಲಕ್ಷಣ ಮೈಯಲ್ಲಿ ಕಾಣುವುದಿಲ್ಲ. ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ನಿಮ್ಮ ಕಟಾ ವೇಗವಾಗುತ್ತದೆಯೇ? ಕಿಕ್ ಒಂದು ಗೇಣು ಮೇಲೇರುತ್ತದೆಯೇ? ಹಾಗಾದರೆ ಆ ಹೊತ್ತು ನೀವು ಅವರಿಗಾಗಿ ಮಾಡುತ್ತಿದ್ದೀರಿ. ಸ್ನಾಯು ಹರಿಯುವುದು ಇಂಥ ಹೊತ್ತಲ್ಲೇ. ಅಲ್ಲೇ ನಿಲ್ಲಿ, ಹತ್ತು ಉಸಿರು ಎಣಿಸಿ, ಎರಡನೇ ವಾರದ ನಿಧಾನಕ್ಕೆ ವಾಪಸ್ ಹೋಗಿ. ಅವರು ಬೇಸರವಾಗಿ ಹೊರಟುಹೋಗುತ್ತಾರೆ, ನಿಮ್ಮ ಅಭ್ಯಾಸ ಉಳಿಯುತ್ತದೆ.

12. ಮಳೆಗಾಲ, ಮತ್ತು ಹೊರಡುವಾಗ

ಜೂನ್ ಬಂತೆಂದರೆ ತಾರಸಿಯಲ್ಲಿ ಪಾಚಿ. ಒಣಗಿದಂತೆ ಕಂಡರೂ ಜಾರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೊಳೆದು ಎರಡು ದಿನ ಒಣಗಲು ಬಿಡಿ. ಗುಡುಗು ಕೇಳಿಸಿದರೆ ತಾರಸಿಯಿಂದ ಇಳಿಯಿರಿ, ಮೈದಾನದಲ್ಲೂ ಮರದ ಕೆಳಗೂ ನಿಲ್ಲಬೇಡಿ. ಮಳೆಯ ದಿನಗಳಲ್ಲಿ ಮನೆಯೊಳಗೆ ನಿಂತಲ್ಲೇ ಕಿಬಾ ದಾಚಿ ಮಾಡಿ. ಮಳೆ ಬಿಟ್ಟ ಮೇಲೆ ಪಾರ್ಕಿಗೆ ಹೋದಾಗ ಮೊದಲ ಮೂರು ದಿನ ಮತ್ತೆ ಐದನೇ ಹಂತದಿಂದಲೇ ಶುರು ಮಾಡಿ. ನೆಲವೂ ಬದಲಾಗಿರುತ್ತದೆ, ನಿಮ್ಮ ಕಾಲೂ ಮರೆತಿರುತ್ತದೆ.

ದಿನಾ ಹೊರಡುವ ಮುಂಚೆ ಗಡಿಗೆ ಇಟ್ಟ ನಾಲ್ಕು ಕಲ್ಲುಗಳನ್ನು ಎಣಿಸಿ ಎತ್ತಿಡಿ. ಹುಲ್ಲಿನಲ್ಲೇ ಬಿಟ್ಟರೆ ಹುಲ್ಲು ಕತ್ತರಿಸುವ ಮಷಿನ್ನಿಗೆ ಸಿಕ್ಕಿ ಸಿಡಿಯುತ್ತವೆ, ಪಕ್ಕದಲ್ಲಿರುವವರಿಗೆ ತಾಗುತ್ತವೆ. ಮಾಲಿಗೆ ನಾಳೆ ಸಿಗ್ತೀನಿ ಅಣ್ಣಾ ಎಂದು ಹೇಳಿ ಹೊರಡಿ.